ಸ್ಯಾಕ್ಸೋಫೋನ್ ಮೈಯೆಲ್ಲ ಹಿತ್ತಾಳೆ, ಆದರೂ ಹಿತ್ತಾಳೆ ವಾದ್ಯ ಯಾಕಲ್ಲ?

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳು ಸ್ಯಾಕ್ಸೋಫೋನ್ ಕಲಿಯಬೇಕು ಅಂತ ಹಟ ಹಿಡಿದಿದ್ದಾಳೆ. ಅವಳಿಗಾಗಿ ಒಂದಿಷ್ಟು ತಿಳಿದುಕೊಳ್ಳಲು ಹೋಗಿ ನನಗೇ ಗೊಂದಲವಾಗಿದೆ. ಪೂರ್ತಿ ಹಿತ್ತಾಳೆಯಲ್ಲಿ ಮಾಡಿದ ಈ ವಾದ್ಯವನ್ನು ಕ್ಲಾರಿನೆಟ್, ಕೊಳಲುಗಳ ಜೊತೆ ವುಡ್‌ವಿಂಡ್ ಗುಂಪಿಗೆ ಯಾಕೆ ಸೇರಿಸುತ್ತಾರೆ? ಇದು ಅಮೆರಿಕದಲ್ಲಿ ಜಾಜ್ ಸಂಗೀತಕ್ಕಾಗಿ ಹುಟ್ಟಿದ್ದು ಅಲ್ವಾ? ಹೊಸದಾಗಿ ಕಲಿಯುವವರು ಯಾವುದರಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸ್ಯಾಕ್ಸೋಫೋನಿನ ತುದಿಯಲ್ಲೇ ಇದೆ. ಒಂದು ವಾದ್ಯ ಕೈಗೆ ಸಿಕ್ಕಿದಾಗ ಅದರ ಹೊಳೆಯುವ ಮೈಯನ್ನು ಸ್ವಲ್ಪ ಹೊತ್ತು ಮರೆತು, ಬಾಯಿಗೆ ಇಟ್ಟುಕೊಳ್ಳುವ ಭಾಗವನ್ನು ನೋಡಿ. ಸಾಮಾನ್ಯವಾಗಿ ಕಪ್ಪು ಬಣ್ಣದ, ಹಕ್ಕಿಯ ಕೊಕ್ಕಿನಂಥ ಒಂದು ತುಂಡು ಇರುತ್ತದೆ. ಅದು ಮೌತ್‌ಪೀಸ್. ಅದರ ಅಡಿಯಲ್ಲಿ ತೆಳ್ಳಗಿನ ಒಂದು ಪಟ್ಟಿಯನ್ನು ಬಿಗಿದು ಕಟ್ಟಿರುತ್ತಾರೆ. ಅದೇ ರೀಡ್. ಬಿದಿರಿನ ಹಾಗೆ ಗೆಣ್ಣುಗೆಣ್ಣಾಗಿ ಬೆಳೆಯುವ ಒಂದು ದೊಡ್ಡ ಜಾತಿಯ ಜೊಂಡನ್ನು ಸೀಳಿ, ಒಣಗಿಸಿ, ಒಂದು ತುದಿಯನ್ನು ಕಾಗದದಷ್ಟು ತೆಳ್ಳಗೆ ಹೆರೆದು ಅದನ್ನು ಮಾಡುತ್ತಾರೆ. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದ ಜೊಂಡಿಗೆ ಇವತ್ತಿಗೂ ದೊಡ್ಡ ಹೆಸರು.

ಸ್ಯಾಕ್ಸೋಫೋನ್ ಮಾತಾಡುವುದು ಈ ನಾಲಿಗೆಯಿಂದ. ನೀವು ಊದಿದಾಗ ರೀಡ್ ಅದುರುತ್ತದೆ, ಮೌತ್‌ಪೀಸಿನ ಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತದೆ. ಸೆಕೆಂಡಿಗೆ 440 ಸಲ ಹಾಗೆ ಮಾಡಿದರೆ, ವಾದ್ಯಗೋಷ್ಠಿಯವರೆಲ್ಲ ಶ್ರುತಿ ಮಾಡಿಕೊಳ್ಳುವ 'ಎ' ಸ್ವರ ಕೇಳಿಸುತ್ತದೆ. ಹಿತ್ತಾಳೆ ವಾದ್ಯವಾದ ಟ್ರಂಪೆಟ್‌ನಲ್ಲಿ ಹೀಗಿಲ್ಲ. ಅಲ್ಲಿ ರೀಡೇ ಇಲ್ಲ, ಊದುವವರ ತುಟಿಗಳೇ ಅದುರಬೇಕು. ಸ್ವರ ಬದಲಿಸುವ ದಾರಿಯೂ ಬೇರೆ. ಟ್ರಂಪೆಟ್‌ನಲ್ಲಿ ವಾಲ್ವ್ ಒತ್ತಿದರೆ ಗಾಳಿ ಇನ್ನೊಂದಿಷ್ಟು ಕೊಳವೆ ಸುತ್ತಿ ಬರುತ್ತದೆ. ಸ್ಯಾಕ್ಸೋಫೋನಿನಲ್ಲಿ, ಕೊಳಲಿನ ಹಾಗೆಯೇ, ಮೈಮೇಲಿನ ತೂತುಗಳನ್ನು ಮುಚ್ಚುತ್ತೇವೆ, ತೆರೆಯುತ್ತೇವೆ. ಬೆರಳಿಗೆ ನಿಲುಕದಷ್ಟು ದೂರ, ಬೆರಳಿಂದ ಮುಚ್ಚಲಾಗದಷ್ಟು ದೊಡ್ಡ ತೂತುಗಳು ಅವು. ಅದಕ್ಕೇ ಕೀಗಳು, ಕಂಬಿಗಳು, ಚರ್ಮದ ಪ್ಯಾಡ್‌ಗಳು ಎಲ್ಲ ಸೇರಿ ಅಷ್ಟೊಂದು ಜಟಿಲವಾಗಿ ಕಾಣುತ್ತದೆ.

ಹಾಗಾಗಿ ವುಡ್‌ವಿಂಡ್ ಅನ್ನುವುದು ಒಂದು ಮನೆತನದ ಹೆಸರು ಅಂದುಕೊಳ್ಳಿ. ಮರಕ್ಕೂ ಅದಕ್ಕೂ ಈಗ ನಂಟು ಕಡಿಮೆ. ಪಾಶ್ಚಾತ್ಯ ಸಂಗೀತದ ಕೊಳಲನ್ನು ಬೆಳ್ಳಿಯಲ್ಲಿ ಮಾಡಿದರೂ ಅದು ವುಡ್‌ವಿಂಡೇ. ಗುಂಪು ನಿರ್ಧಾರವಾಗುವುದು ನಾದ ಹೇಗೆ ಹುಟ್ಟುತ್ತದೆ ಅನ್ನುವುದರಿಂದ, ಮೈ ಯಾವುದರಿಂದ ಆಗಿದೆ ಅನ್ನುವುದರಿಂದಲ್ಲ.

ಮೈಯ ಲೋಹದಿಂದಲೇ ಆ ಗಟ್ಟಿ ದನಿ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1953ರ ಮೇ ತಿಂಗಳಲ್ಲಿ ಟೊರೊಂಟೊದ ಮ್ಯಾಸಿ ಹಾಲ್‌ನಲ್ಲಿ ಒಂದು ಕಛೇರಿ ನಡೆಯಿತು. ಜಾಜ್‌ನ ದೊಡ್ಡ ಹೆಸರು ಚಾರ್ಲಿ ಪಾರ್ಕರ್ ಅಲ್ಲಿ ನುಡಿಸಿದ್ದು ಗ್ರಾಫ್ಟನ್ ಅನ್ನುವ ಸ್ಯಾಕ್ಸೋಫೋನ್. ಅದರ ಮೈ ಕೆನೆ ಬಣ್ಣದ ಪ್ಲಾಸ್ಟಿಕ್! ಆ ಕಛೇರಿಯ ಧ್ವನಿಮುದ್ರಣ ಇವತ್ತಿಗೂ ಸಿಗುತ್ತದೆ. ಕಣ್ಣು ಮುಚ್ಚಿ ಕೇಳಿ, ಅದು ಚಾರ್ಲಿ ಪಾರ್ಕರನೇ. ಹಾಗಾದರೆ ಹಿತ್ತಾಳೆ ಯಾಕೆ ಬೇಕು? ತಗಡನ್ನು ಸುಲಭವಾಗಿ ಸುತ್ತಿ, ಬಡಿದು, ಬೇಕಾದ ಆಕಾರಕ್ಕೆ ತರಬಹುದು. ಕೀಗಳ ಕಂಬಗಳನ್ನು ಅದರ ಮೇಲೆ ಬೆಸುಗೆ ಹಾಕಬಹುದು. ಮಳೆ ಬಿಸಿಲಿಗೆ ಮರದ ಹಾಗೆ ಬಿರಿಯುವುದಿಲ್ಲ. ಬಯಲಲ್ಲಿ ನಡೆಯುತ್ತಾ ನುಡಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು?

ದನಿಯ ಗುಟ್ಟು ಒಳಗಿನ ಆಕಾರದಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಸ್ಯಾಕ್ಸೋಫೋನ್ ಹುಟ್ಟಿದ್ದೇ ಈ ಒಂದು ಉಪಾಯದಿಂದ.

ಕ್ಲಾರಿನೆಟ್‌ಗೂ ಇಂಥದೇ ಒಂದು ರೀಡ್ ಇದೆ. ಆದರೆ ಅದರ ಕೊಳವೆ ಹೆಚ್ಚುಕಡಿಮೆ ಉದ್ದಕ್ಕೂ ಒಂದೇ ಅಗಲ. ಸ್ಯಾಕ್ಸೋಫೋನಿನ ಕೊಳವೆ ಲಾಳಿಕೆಯ ಹಾಗೆ. ಬಾಯಿಯ ಹತ್ತಿರ ಸಣ್ಣಗೆ ಶುರುವಾಗಿ ಬೆಲ್‌ವರೆಗೂ, ಅಂದರೆ ಅರಳಿದ ಕೊನೆಯವರೆಗೂ, ಅಗಲವಾಗುತ್ತಲೇ ಹೋಗುತ್ತದೆ. ನೋಡಲು ಸಣ್ಣ ವ್ಯತ್ಯಾಸ. ಕಿವಿಗೆ, ಬೆರಳಿಗೆ ಅದೇ ದೊಡ್ಡದು.

ಕ್ಲಾರಿನೆಟ್‌ನಲ್ಲಿ ಕೆಳಗಿನ 'ಸ' ಹಿಡಿದು, ಹಿಂಬದಿಯ ರಿಜಿಸ್ಟರ್ ಕೀ ಒತ್ತಿ ಊದಿ. ಸ್ವರ ಮೇಲಿನ 'ಸ'ಕ್ಕೆ ಹಾರುವುದಿಲ್ಲ. ಅದನ್ನೂ ದಾಟಿ ಅದರಾಚೆಯ 'ಪ'ಕ್ಕೆ ಹೋಗಿ ನಿಲ್ಲುತ್ತದೆ. ಒಂದು ಕಡೆ ಮುಚ್ಚಿದ, ಒಂದೇ ಅಗಲದ ಕೊಳವೆಯ ಸ್ವಭಾವ ಅದು. ಹಾಗಾಗಿ ಕ್ಲಾರಿನೆಟ್ ನುಡಿಸುವವರು ಕೆಳಗಿನ ಸ್ಥಾಯಿಗೆ ಒಂದು ಬೆರಳಿನ ಲೆಕ್ಕ, ಮೇಲಿನದಕ್ಕೆ ಇನ್ನೊಂದು ಲೆಕ್ಕ ಕಲಿಯಬೇಕು. ಲಾಳಿಕೆಯಾಕಾರದ ಕೊಳವೆಯಲ್ಲಿ ಈ ತಾಪತ್ರಯವಿಲ್ಲ. 'ಸ' ಸರಿಯಾಗಿ ಮೇಲಿನ 'ಸ'ಕ್ಕೇ ಹಾರುತ್ತದೆ. ಎಡಗೈ ಹೆಬ್ಬೆರಳಲ್ಲಿ ಒಂದು ಆಕ್ಟೇವ್ ಕೀ ಒತ್ತಿದರೆ ಸಾಕು, ಉಳಿದ ಬೆರಳುಗಳು ಇದ್ದಲ್ಲೇ ಇರುತ್ತವೆ. ಒಂದು ಸ್ಥಾಯಿ ಕಲಿತವರಿಗೆ ಇನ್ನೊಂದು ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕ ಹಾಗೆ. ಶಹನಾಯಿಯದೂ ಓಬೋದೂ ಇದೇ ಜಾತಿಯ ಕೊಳವೆ. ಆದರೆ ಅವುಗಳಲ್ಲಿ ಎರಡು ಎಲೆಯ ರೀಡ್, ಕೊಳವೆ ಬಹಳ ಸಪೂರ. ಒಂದೇ ಎಲೆಯ ರೀಡು, ಅಗಲವಾದ ಲಾಳಿಕೆ, ದೊಡ್ಡ ದೊಡ್ಡ ತೂತು, ಈ ಮೂರನ್ನೂ ಒಟ್ಟಿಗೆ ತಂದದ್ದು ಸ್ಯಾಕ್ಸೋಫೋನ್. ಅದರ ತುಂಬುದನಿ, ಜೋರು, ಎರಡೂ ಅಲ್ಲಿಂದಲೇ ಬಂದವು.

ಇನ್ನೊಂದು ಸೂಕ್ಷ್ಮ ಇದೆ, ಇದು ನನಗೆ ಬಹಳ ಇಷ್ಟ. ನಿಜವಾದ ಲಾಳಿಕೆಯಾಕಾರವಾದರೆ ಒಂದು ಚೂಪಾದ ತುದಿಯಲ್ಲಿ ಮುಗಿಯಬೇಕು. ಹಾಗೆ ಮಾಡಿದರೆ ಊದುವುದೆಲ್ಲಿಂದ? ಅದಕ್ಕೆ ತುದಿಯನ್ನು ಕತ್ತರಿಸಿ ತೆಗೆದಿರುತ್ತಾರೆ. ಕತ್ತರಿಸಿದ ಆ ತುದಿಯಲ್ಲಿ ಎಷ್ಟು ಗಾಳಿ ಹಿಡಿಯುತ್ತಿತ್ತೋ, ಸುಮಾರು ಅಷ್ಟೇ ಗಾಳಿ ಹಿಡಿಯುವ ಜಾಗ ಮೌತ್‌ಪೀಸಿನ ಒಳಗೆ ಇರಬೇಕು. ಆಗ ಕೊಳವೆ ತನ್ನ ತುದಿ ಇದೆ ಅಂತಲೇ ನಂಬಿ ನಡೆದುಕೊಳ್ಳುತ್ತದೆ. ಈ ಲೆಕ್ಕ ತಪ್ಪಿದರೆ ಇಡೀ ವಾದ್ಯ ಶ್ರುತಿ ತಪ್ಪುತ್ತದೆ, ಅದೂ ಎಲ್ಲ ಸ್ವರಗಳೂ ಒಂದೇ ಸಮ ತಪ್ಪುವುದಿಲ್ಲ. ಕೆಳಗಿನ ಸ್ಥಾಯಿ ಸರಿಯಿದ್ದು ಮೇಲಿನದು ಏರಿಬಿಡುತ್ತದೆ. ಕಲಿಯುವ ದಿನಗಳಲ್ಲಿ ನಾನು ದನಿ ಜೋರಾಗಲಿ ಅಂತ ಒಳಗೆ ಬಹಳ ಕಿರಿದಾದ ಒಂದು ಮೌತ್‌ಪೀಸ್ ತಂದು ಹಾಕಿದ್ದೆ. ಎರಡು ತಿಂಗಳು ಮೇಲಿನ ಸ್ವರಗಳು ಒಂದೂ ನಿಲ್ಲಲಿಲ್ಲ. ನನ್ನ ಕಿವಿಯೇ ಕೆಟ್ಟಿದೆಯೇನೋ ಅಂತ ಬಹಳ ಕಳವಳಪಟ್ಟೆ. ಹಳೆಯ ಮೌತ್‌ಪೀಸ್ ಮತ್ತೆ ಹಾಕಿದ ದಿನವೇ ಎಲ್ಲ ಸರಿಹೋಯಿತು. ಈ ಮಾತನ್ನು ನಿಮ್ಮ ಮಗಳಿಗಾಗಿಯೇ ಹೇಳುತ್ತಿದ್ದೇನೆ. ಶ್ರುತಿ ತಪ್ಪಿದಾಗಲೆಲ್ಲ ಮಗುವನ್ನು ದೂರಬೇಡಿ, ಒಮ್ಮೆ ಮೌತ್‌ಪೀಸನ್ನೂ ನೋಡಿ.

ಈಗ ಎರಡನೆಯ ಪ್ರಶ್ನೆ. ಇಲ್ಲ, ಸ್ಯಾಕ್ಸೋಫೋನ್ ಅಮೆರಿಕದಲ್ಲಿ ಹುಟ್ಟಲಿಲ್ಲ. ಜಾಜ್‌ಗಾಗಿಯೂ ಹುಟ್ಟಲಿಲ್ಲ. ಜಾಜ್ ಅನ್ನುವ ಹೆಸರು ಬರುವುದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಮೊದಲೇ ಇದು ಇತ್ತು.

ಹೆಚ್ಚಿನ ವಾದ್ಯಗಳನ್ನು ಇಂಥವರೇ ಕಂಡುಹಿಡಿದರು ಅಂತ ಹೇಳಲು ಬರುವುದಿಲ್ಲ. ಕೊಳಲನ್ನು ಮೊದಲು ಊದಿದವರು ಯಾರು? ಯಾರಿಗೆ ಗೊತ್ತು! ಪಿಟೀಲು ಕೂಡ ಹಲವರ ಕೈ ದಾಟಿ ಬೆಳೆಯಿತು. ಸ್ಯಾಕ್ಸೋಫೋನಿಗೆ ಮಾತ್ರ ಒಬ್ಬ ತಂದೆ ಇದ್ದಾನೆ, ಅವನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಅಡಾಲ್ಫ್ ಸ್ಯಾಕ್ಸ್. ಫೋನ್ ಅಂದರೆ ಗ್ರೀಕ್ ಭಾಷೆಯಲ್ಲಿ ದನಿ. ಸ್ಯಾಕ್ಸನ ದನಿ, ಅಷ್ಟೇ.

ಅವನು 1814ರ ನವೆಂಬರ್ 6ರಂದು ದಿನಾಂ ಊರಿನಲ್ಲಿ ಹುಟ್ಟಿದ. ಊರು ಈಗ ಬೆಲ್ಜಿಯಂನಲ್ಲಿದೆ. ಅವನು ಹುಟ್ಟಿದಾಗ ಬೆಲ್ಜಿಯಂ ಅನ್ನುವ ದೇಶ ಇನ್ನೂ ಆಗಿರಲಿಲ್ಲ, ಆದದ್ದು 1830ರಲ್ಲಿ. ಅಪ್ಪ ಚಾರ್ಲ್ಸ್ ಜೋಸೆಫ್ ಸ್ಯಾಕ್ಸ್ ವಾದ್ಯ ಮಾಡುವವನು, ಬ್ರಸೆಲ್ಸ್‌ನಲ್ಲಿ ಕಾರ್ಖಾನೆ ಇಟ್ಟಿದ್ದ. ಮಗನ ಬಾಲ್ಯದ ಬಗ್ಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮೂರನೇ ಮಹಡಿಯಿಂದ ಬಿದ್ದನಂತೆ, ಸೂಜಿ ನುಂಗಿದನಂತೆ, ಹಾಲು ಅಂತ ಆಮ್ಲ ಬೆರೆತ ನೀರು ಕುಡಿದನಂತೆ, ಕೋವಿಮದ್ದು ಸಿಡಿದು ಸುಟ್ಟುಕೊಂಡನಂತೆ, ಹೊಳೆಗೆ ಬಿದ್ದು ಮುಳುಗುವುದರಲ್ಲಿದ್ದನಂತೆ. ಇವನು ಬದುಕುವವನಲ್ಲ ಅಂತ ತಾಯಿಯೇ ಆಸೆ ಬಿಟ್ಟಿದ್ದಳಂತೆ. ಆದರೆ ಅವನು ಬದುಕಿದ, ಅಪ್ಪನ ಕಾರ್ಖಾನೆಯಲ್ಲೇ ಕೆಲಸ ಕಲಿತ. ಕ್ಲಾರಿನೆಟ್ ನುಡಿಸುವುದನ್ನೂ ಶ್ರದ್ಧೆಯಿಂದ ಕಲಿತ. ಈ ಎರಡೂ ಒಬ್ಬನಲ್ಲೇ ಸೇರಿದ್ದು ಮುಖ್ಯ ಅನ್ನಿಸುತ್ತದೆ ನನಗೆ. ಮಾಡುವ ಕೈಗೆ ಊದುವ ಬಾಯಿಯ ಕಷ್ಟ ಗೊತ್ತಿತ್ತು.

1838ರಲ್ಲಿ ಅವನು ತಗ್ಗು ದನಿಯ ದೊಡ್ಡ ಕ್ಲಾರಿನೆಟ್ ಆದ ಬಾಸ್ ಕ್ಲಾರಿನೆಟ್‌ಗೆ ಹೊಸ ರೂಪ ಕೊಟ್ಟು ಪೇಟೆಂಟ್ ಪಡೆದ. ಆಗ ಅವನಿಗೆ ಇನ್ನೂ 23 ವರ್ಷ. ಈಗ ನಾವು ನೋಡುವ ಬಾಸ್ ಕ್ಲಾರಿನೆಟ್ ಅವನ ಆ ರೂಪದಿಂದಲೇ ಬೆಳೆದದ್ದು. ಅದಾದ ಮೇಲೆ ಇನ್ನೂ ದೊಡ್ಡ ಸಮಸ್ಯೆಗೆ ಕೈ ಹಾಕಿದ.

ಆ ಕಾಲದ ಸೇನಾ ಬ್ಯಾಂಡ್ ನೆನೆಸಿಕೊಳ್ಳಿ. ಬಯಲಲ್ಲಿ ನುಡಿಸಬೇಕು. ಪಿಟೀಲು ಅಲ್ಲಿ ಕೇಳಿಸುವುದೇ ಇಲ್ಲ. ಓಬೋ, ಬಸೂನ್‌ಗಳ ದನಿ ಗಾಳಿಗೆ ಹಾರಿಹೋಗುತ್ತದೆ. ಹಿತ್ತಾಳೆ ವಾದ್ಯಗಳು ಜೋರಾಗಿವೆ, ಆದರೆ ಮೃದುವಾದ, ಬಳುಕುವ ಸಾಲುಗಳು ಅವಕ್ಕೆ ಸುಲಭವಲ್ಲ. ಇವೆರಡರ ನಡುವೆ ಒಂದು ದೊಡ್ಡ ಖಾಲಿ ಜಾಗ ಇತ್ತು. ತಂತಿ ವಾದ್ಯದ ಹಾಗೆ ಬಳುಕಬೇಕು, ಹಿತ್ತಾಳೆಯ ಹಾಗೆ ದೂರಕ್ಕೆ ಮುಟ್ಟಬೇಕು, ವುಡ್‌ವಿಂಡ್ ಹಾಗೆ ಬೆರಳು ಚುರುಕಾಗಿ ಓಡಬೇಕು. ತಂತಿ ವಾದ್ಯಕ್ಕೆ ಹತ್ತಿರದ ದನಿ, ಆದರೆ ಅದಕ್ಕಿಂತ ಹೆಚ್ಚು ಶಕ್ತಿ, ಇದು ಸ್ಯಾಕ್ಸನ ಗುರಿಯಾಗಿತ್ತು.

ಮೊದಲು ಹುಟ್ಟಿದ್ದು ನಾವು ದಿನಾ ನೋಡುವ, ಮಧ್ಯಮ ಗಾತ್ರದ ಆಲ್ಟೊ ಅಲ್ಲ, ತಗ್ಗು ದನಿಯ ದೊಡ್ಡ ಬಾಸ್ ಸ್ಯಾಕ್ಸೋಫೋನ್. ಆಗ ಓಫಿಕ್ಲೈಡ್ ಅಂತ ಒಂದು ವಾದ್ಯ ಬಳಕೆಯಲ್ಲಿತ್ತು. ಹಿತ್ತಾಳೆಯ ದೊಡ್ಡ ಲಾಳಿಕೆ, ಮೈಮೇಲೆ ಕೀಗಳು, ಟ್ರಾಂಬೋನ್ ಹಾಗೆ ಬಟ್ಟಲಿನಂಥ ಮೌತ್‌ಪೀಸ್. ಅದಕ್ಕೆ ಬಾಸ್ ಕ್ಲಾರಿನೆಟ್‌ನ ಮೌತ್‌ಪೀಸ್ ಸಿಕ್ಕಿಸಿ ನೋಡಿದ್ದರಿಂದಲೇ ಸ್ಯಾಕ್ಸೋಫೋನಿನ ಹೊಳಹು ಬಂತು ಅಂತ ಬಹಳ ಜನ ಸಂಶೋಧಕರು ನಂಬುತ್ತಾರೆ. ಓಫಿಕ್ಲೈಡನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಈ ಮಾತು ಒಪ್ಪಿಗೆಯಾಗುತ್ತದೆ. ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ ಎರಡೂ.

1842ರಲ್ಲಿ ಸ್ಯಾಕ್ಸ್ ಪ್ಯಾರಿಸ್‌ಗೆ ಬಂದ. ಅದೇ ವರ್ಷ ಜೂನ್ 12ರಂದು ಸಂಗೀತಕಾರ ಹೆಕ್ಟರ್ ಬರ್ಲಿಯೋಜ್ ಅಲ್ಲಿನ ಪತ್ರಿಕೆಯೊಂದರಲ್ಲಿ ಈ ಹೊಸ ವಾದ್ಯವನ್ನು ಮನಸಾರೆ ಹೊಗಳಿ ಬರೆದ. 1844ರಲ್ಲಿ ತನ್ನದೊಂದು ಕಛೇರಿಯಲ್ಲಿ ಅದಕ್ಕೆ ಜಾಗವನ್ನೂ ಕೊಟ್ಟ. ಪ್ಯಾರಿಸ್ಸಿನ ಹಳೆಯ ವಾದ್ಯ ತಯಾರಕರಿಗೆ ಇದು ಸಹಿಸಲಾಗಲಿಲ್ಲ. ಹೊರಗಿನಿಂದ ಬಂದ ಹುಡುಗ, ಜೊತೆಗೆ ದೊಡ್ಡವರ ಬೆಂಬಲ ಬೇರೆ!

1845ರ ಏಪ್ರಿಲ್ 22ರಂದು ಪ್ಯಾರಿಸ್ಸಿನ ಶಾಂ ದ ಮಾರ್ಸ್ ಮೈದಾನದಲ್ಲಿ ಎರಡು ಬ್ಯಾಂಡ್‌ಗಳ ನಡುವೆ ಬಹಿರಂಗ ಸ್ಪರ್ಧೆ ಏರ್ಪಟ್ಟಿತು. ಮುಂದೆ ಐಫೆಲ್ ಗೋಪುರ ಎದ್ದದ್ದು ಇದೇ ಮೈದಾನದ ಅಂಚಿನಲ್ಲಿ. ಒಂದು ಕಡೆ ಹಳೆಯ ಪದ್ಧತಿಯ ಸೇನಾ ಬ್ಯಾಂಡ್, ಇನ್ನೊಂದು ಕಡೆ ಸ್ಯಾಕ್ಸ್ ಜೋಡಿಸಿದ ಬ್ಯಾಂಡ್. ಅವನ ಕಡೆ ನುಡಿಸುವವರು ಕಡಿಮೆ ಇದ್ದರು. ಅಂದು ಮುಖ್ಯವಾಗಿ ಮೆರೆದದ್ದು ಅವನ ಇನ್ನೊಂದು ವಾದ್ಯ ಕುಟುಂಬ, ವಾಲ್ವ್ ಇರುವ ಹಿತ್ತಾಳೆ ವಾದ್ಯಗಳಾದ ಸ್ಯಾಕ್ಸ್‌ಹಾರ್ನ್‌ಗಳು. ಸಾವಿರಾರು ಜನ ಸೇರಿದ್ದರು. ಸ್ಯಾಕ್ಸನ ಬ್ಯಾಂಡೇ ಗೆದ್ದಿತು. ಸೇನೆಯ ಬ್ಯಾಂಡ್‌ಗಳ ಬಾಗಿಲು ಅವನ ವಾದ್ಯಗಳಿಗೆ ತೆರೆಯಿತು. ಮರುವರ್ಷ, 1846ರಲ್ಲಿ, ಸ್ಯಾಕ್ಸೋಫೋನಿಗೆ ಪೇಟೆಂಟ್ ಸಿಕ್ಕಿತು.

ಆ ಪೇಟೆಂಟ್‌ನಲ್ಲಿ ಅವನು ಒಂದು ವಾದ್ಯವನ್ನಷ್ಟೇ ಬರೆಯಲಿಲ್ಲ. ಚಿಕ್ಕದರಿಂದ ಬಹಳ ದೊಡ್ಡದರವರೆಗೆ ಒಂದು ಇಡೀ ಸಂಸಾರವನ್ನೇ ಯೋಚಿಸಿದ್ದ. ಯಾವುದನ್ನು ಎತ್ತಿಕೊಂಡರೂ ಬೆರಳಿನ ಲೆಕ್ಕ ಒಂದೇ. ಅವನು ಅಂದು ಗುರುತು ಹಾಕಿದ ಸ್ವರವ್ಯಾಪ್ತಿ ಸುಮಾರು ಎರಡೂವರೆ ಸ್ಥಾಯಿ. ಇವತ್ತಿನ ಸ್ಯಾಕ್ಸೋಫೋನಿನಲ್ಲಿ ಕೆಳಗೆ ಅರ್ಧ ಸ್ವರ, ಮೇಲೆ ಅರ್ಧ ಸ್ವರ ಸೇರಿದೆ, ಅಷ್ಟೇ. ಅಂದು ಆಕ್ಟೇವ್‌ಗೆ ಎರಡು ಕೀಗಳಿದ್ದವು, ಹೆಬ್ಬೆರಳು ಒಂದರಿಂದ ಇನ್ನೊಂದಕ್ಕೆ ಹಾರಬೇಕಿತ್ತು. ಈಗ ಒಂದೇ ಕೀ ಒತ್ತಿದರೆ ಯಾವ ತೂತು ತೆರೆಯಬೇಕು ಅಂತ ವಾದ್ಯದ ಯಂತ್ರವೇ ನೋಡಿಕೊಳ್ಳುತ್ತದೆ. ಕೀಗಳು ಕೈಗೆ ಇನ್ನಷ್ಟು ಒಗ್ಗಿವೆ, ಬೆಲ್ ಅಗಲವಾಗಿದೆ, ಮೌತ್‌ಪೀಸಿನ ಒಳಗು ಕಿರಿದಾಗಿದೆ. ಆದರೆ ಮೂಲ ಕಲ್ಪನೆ ಹಾಗೇ ಉಳಿದಿದೆ. 32 ವರ್ಷದ ಹೊತ್ತಿಗೆ ಒಬ್ಬ ಮನುಷ್ಯ ಒಂದು ವಾದ್ಯವನ್ನು ಇಷ್ಟು ಪೂರ್ತಿಯಾಗಿ ಕಂಡನಲ್ಲ ಅನ್ನುವುದು ನನಗೆ ಇವತ್ತಿಗೂ ಬೆರಗು.

ಆದರೆ ಅವನಿಗೆ ನೆಮ್ಮದಿ ಸಿಗಲಿಲ್ಲ. ಎದುರಾಳಿಗಳು ಒಟ್ಟಾಗಿ ಅವನ ಪೇಟೆಂಟ್‌ಗಳ ಮೇಲೆ ದಾವೆ ಹೂಡಿದರು. ವರ್ಷಗಟ್ಟಲೆ ಕೋರ್ಟು, ವಕೀಲರು, ಖರ್ಚು. 1848ರ ಕ್ರಾಂತಿಯಲ್ಲಿ ರಾಜನ ಸರ್ಕಾರ ಬಿದ್ದಾಗ ಸೇನಾ ಬ್ಯಾಂಡ್‌ಗಳಲ್ಲಿ ಸ್ಯಾಕ್ಸ್ ತಂದಿದ್ದ ಬದಲಾವಣೆಯೂ ಬಿತ್ತು. ಮೂರನೇ ನೆಪೋಲಿಯನ್ ಕಾಲದಲ್ಲಿ, 1854ರ ಹೊತ್ತಿಗೆ, ಅದು ಮತ್ತೆ ಚೇತರಿಸಿತು. ಅಷ್ಟರಲ್ಲಿ 1852ರಲ್ಲಿ ಸ್ಯಾಕ್ಸ್ ದಿವಾಳಿಯಾಗಿದ್ದ. ಮುಂದೆ 1873ರಲ್ಲಿ, 1877ರಲ್ಲಿ ಮತ್ತೆ ದಿವಾಳಿಯಾದ. ನಡುವೆ ತುಟಿಗೆ ಕ್ಯಾನ್ಸರ್ ಬಂತು. ಊದುವವನಿಗೆ ತುಟಿಯೇ ಬಂಡವಾಳ ಅಲ್ವಾ? ಹಲವು ವರ್ಷ ನರಳಿ, ಕೊನೆಗೆ ಗುಣವಾದ. 1857ರಿಂದ ಪ್ಯಾರಿಸ್ ಕನ್ಸರ್ವೇಟರಿ ಅನ್ನುವ ಸಂಗೀತ ಶಾಲೆಯಲ್ಲಿ ಸೇನೆಯ ವಿದ್ಯಾರ್ಥಿಗಳಿಗೆ ಸ್ಯಾಕ್ಸೋಫೋನ್ ಕಲಿಸಿದ. 1870ರಲ್ಲಿ ಪ್ರಷ್ಯಾದ ಜೊತೆ ಯುದ್ಧ ಶುರುವಾಗಿ ಆ ತರಗತಿ ಮುಚ್ಚಿತು. ಅಲ್ಲಿ ಸ್ಯಾಕ್ಸೋಫೋನ್ ತರಗತಿ ಮತ್ತೆ ತೆರೆದದ್ದು 1942ರಲ್ಲಿ, ಸ್ಯಾಕ್ಸೋಫೋನ್ ವಾದಕ ಮಾರ್ಸೆಲ್ ಮ್ಯೂಲ್ ಅವರ ಕೈಕೆಳಗೆ. ಎಪ್ಪತ್ತಕ್ಕೂ ಹೆಚ್ಚು ವರ್ಷದ ನಂತರ! ಸ್ಯಾಕ್ಸ್ ಅದನ್ನು ನೋಡಲಿಲ್ಲ. ಅವನು 1894ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲೇ ತೀರಿಕೊಂಡಿದ್ದ. ಮುಂದೆ ಬೆಲ್ಜಿಯಂ ತನ್ನ 200 ಫ್ರಾಂಕ್ ನೋಟಿನ ಮೇಲೆ ಅವನ ಮುಖ ಅಚ್ಚು ಹಾಕಿತು.

ತರಗತಿ ಮುಚ್ಚಿದ್ದು ಸಣ್ಣ ವಿಷಯ ಅನ್ನಿಸಬಹುದು. ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಸ್ಯಾಕ್ಸೋಫೋನಿಗೆ ಕಾಯಂ ಕುರ್ಚಿ ಸಿಗದಿದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ. ಚೆನ್ನಾಗಿ ನುಡಿಸುವವರಿಲ್ಲದಿದ್ದರೆ ಅದಕ್ಕಾಗಿ ಬರೆಯುವವರಿಲ್ಲ, ಬರೆಯುವವರಿಲ್ಲದಿದ್ದರೆ ಕಲಿಯುವವರಿಲ್ಲ. 1872ರಲ್ಲಿ ಬಿಜೆ, 1922ರಲ್ಲಿ ರವೆಲ್, ಹೀಗೆ ಫ್ರಾನ್ಸಿನ ಕೆಲವು ಸಂಗೀತಕಾರರು ಅದಕ್ಕೆ ಸುಂದರವಾದ ಸಾಲುಗಳನ್ನು ಬರೆದರು. ಆದರೂ ಅಲ್ಲಿ ಅದು ಬಂದು ಹೋಗುವ ಅತಿಥಿಯಾಗಿಯೇ ಉಳಿಯಿತು.

ಅಮೆರಿಕಕ್ಕೂ ಅದು ಬ್ಯಾಂಡ್‌ಗಳ ಜೊತೆಗೇ ಹೋಯಿತು. 1870ರ ದಶಕದಲ್ಲಿ ಪ್ಯಾಟ್ರಿಕ್ ಗಿಲ್ಮೋರ್ ಅವರ ಹೆಸರಾಂತ ಬ್ಯಾಂಡ್‌ನಲ್ಲಿ ಎಡ್ವರ್ಡ್ ಲೆಫೆಬ್ರ್ ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ಪೇಟೆಂಟ್ ಅವಧಿ 1866ರಲ್ಲೇ ಮುಗಿದಿತ್ತು, ಯಾರು ಬೇಕಾದರೂ ಮಾಡಬಹುದಿತ್ತು. ಶತಮಾನ ಮುಗಿಯುವ ಮೊದಲೇ ಇಂಡಿಯಾನಾದ ಎಲ್ಕ್‌ಹಾರ್ಟ್ ಊರಿನಲ್ಲಿ ಕಾನ್ ಕಂಪನಿ ತಯಾರಿಕೆ ಶುರು ಮಾಡಿತು. 1920ರ ದಶಕದಲ್ಲಂತೂ ಅಲ್ಲಿ ಮನೆಮನೆಗೂ ಸ್ಯಾಕ್ಸೋಫೋನ್ ಹುಚ್ಚು ಹಿಡಿದಿತ್ತು.

ಆರಂಭದ ನ್ಯೂ ಆರ್ಲಿಯನ್ಸ್ ಜಾಜ್ ತಂಡಗಳಲ್ಲಿ ಮುಂದೆ ನಿಲ್ಲುತ್ತಿದ್ದದ್ದು ಟ್ರಂಪೆಟ್ ಹೋಲುವ ಕಾರ್ನೆಟ್, ಕ್ಲಾರಿನೆಟ್, ಟ್ರಾಂಬೋನ್. ಸ್ಯಾಕ್ಸೋಫೋನ್ ತಡವಾಗಿ ಬಂತು, ಬಂದ ಮೇಲೆ ಮನೆಯನ್ನೇ ತನ್ನದು ಮಾಡಿಕೊಂಡಿತು. ಸಿಡ್ನಿ ಬೆಷೆ ಚಿಕ್ಕದಾದ ಸೊಪ್ರಾನೊ ಸ್ಯಾಕ್ಸೋಫೋನ್ ಹಿಡಿದರು. ಕೋಲ್ಮನ್ ಹಾಕಿನ್ಸ್ ಆಲ್ಟೊಗಿಂತ ದೊಡ್ಡದಾದ ಟೆನರ್‌ಗೆ ಗಂಭೀರವಾದ, ತುಂಬಿದ ಮಾತು ಕೊಟ್ಟರು. ಲೆಸ್ಟರ್ ಯಂಗ್ ಅದೇ ಟೆನರ್‌ನಲ್ಲಿ ಹಗುರವಾಗಿ, ಪಿಸುಗುಟ್ಟಿದ ಹಾಗೆ ನುಡಿಸಿದರು. ಇವರಿಬ್ಬರನ್ನೂ ಒಂದಾದ ಮೇಲೊಂದು ಕೇಳಿ. ವಾದ್ಯ ಒಂದೇ ಅಂತ ನಂಬುವುದೇ ಕಷ್ಟ. ಆಮೇಲೆ ಪಾರ್ಕರ್, ಆಮೇಲೆ ಜಾನ್ ಕೋಲ್ಟ್ರೇನ್.

ಇಷ್ಟು ಬೇರೆ ಬೇರೆ ದನಿ ಒಂದೇ ವಾದ್ಯದಿಂದ ಹೇಗೆ ಬರುತ್ತದೆ? ರೀಡಿನ ಮೇಲೆ ತುಟಿಯ ಒತ್ತಡ ಒಂದು ಕೂದಲೆಳೆ ಬದಲಾದರೂ ಸ್ವರ ಬಾಗುತ್ತದೆ. ಗಂಟಲು, ನಾಲಿಗೆ ಎಲ್ಲಿದೆ ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಪಿಯಾನೋದಲ್ಲಿ ಕೀ ಒತ್ತಿದ ಮೇಲೆ ಆ ಸ್ವರವನ್ನು ಬಗ್ಗಿಸಲು ಬರುವುದಿಲ್ಲ. ಸ್ಯಾಕ್ಸೋಫೋನಿನಲ್ಲಿ ಕೀ ಬರೀ ದಾರಿ ತೋರಿಸುತ್ತದೆ, ಸ್ವರವನ್ನು ಅದರ ಜಾಗದಲ್ಲಿ ಹಿಡಿದಿಡುವುದು ಬಾಯಿ. ನಾಗಸ್ವರದ ಮನೆತನದಿಂದ ಬಂದ ಕದ್ರಿ ಗೋಪಾಲನಾಥರು ಇದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಲು ಸಾಧ್ಯವಾದದ್ದೂ ಈ ಗುಣದಿಂದಲೇ. ಬಯಲಿನ ಸೇನಾ ಬ್ಯಾಂಡ್‌ಗೆ ಅಂತ ಮಾಡಿದ ವಾದ್ಯದಲ್ಲಿ ಇಷ್ಟು ಸೂಕ್ಷ್ಮ ಅಡಗಿತ್ತು.

ಇನ್ನು ನಿಮ್ಮ ಮಗಳ ವಿಷಯ. ಸಾಮಾನ್ಯವಾಗಿ ಸಿಗುವುದು ನಾಲ್ಕು: ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್. ಅವಳಿಗೆ ಆಲ್ಟೊ ಕೊಡಿಸಿ. ನೇರವಾಗಿ, ಚಿಕ್ಕದಾಗಿ ಇರುವ ಸೊಪ್ರಾನೊ ಮಕ್ಕಳಿಗೆ ಸುಲಭ ಅಂತ ಅನ್ನಿಸುತ್ತದೆ. ನಿಜಕ್ಕೂ ಅದೇ ಕಷ್ಟ. ವಾದ್ಯ ಚಿಕ್ಕದಾದಷ್ಟೂ ತುಟಿಯ ಸಣ್ಣ ತಪ್ಪೂ ಶ್ರುತಿಯಲ್ಲಿ ದೊಡ್ಡದಾಗಿ ಕೇಳುತ್ತದೆ. ಟೆನರ್ ಭಾರ, ಗಾಳಿಯೂ ಜಾಸ್ತಿ ಬೇಕು. ಆಲ್ಟೊ ಸುಮಾರು ಎರಡೂವರೆ ಕಿಲೋ, ಕತ್ತಿನ ಪಟ್ಟಿಯಲ್ಲಿ ತೂಗುಹಾಕಿಕೊಂಡರೆ ಆ ವಯಸ್ಸಿನವರು ನಿಭಾಯಿಸಬಹುದು. ಮುಂದೆ ಬೇರೆಯದಕ್ಕೆ ಹೋದರೂ ಬೆರಳು ಮತ್ತೆ ಕಲಿಯಬೇಕಿಲ್ಲ. ಆದರೆ ಒಂದು ಮಾತು ಈಗಲೇ ಗೊತ್ತಿರಲಿ. ಆಲ್ಟೊದಲ್ಲಿ 'ಸಿ' ಅಂತ ಬರೆದದ್ದನ್ನು ನುಡಿಸಿದರೆ ಪಿಯಾನೋದ 'ಇ ಫ್ಲಾಟ್' ಕೇಳಿಸುತ್ತದೆ, ಟೆನರ್‌ನಲ್ಲಿ 'ಬಿ ಫ್ಲಾಟ್'. ಬೆರಳಿನ ಲೆಕ್ಕ ಎಲ್ಲದರಲ್ಲೂ ಒಂದೇ ಇರಲಿ ಅಂತ ಬರವಣಿಗೆಯನ್ನು ಹೀಗೆ ಹೊಂದಿಸಿದ್ದಾರೆ. ವಾದ್ಯ ಕೆಟ್ಟಿದೆ ಅಂತ ಹೆದರಬೇಡಿ.

ಹಳೆಯ ವಾದ್ಯ ಕೊಳ್ಳುವುದಾದರೆ ಒಂದು ಪರೀಕ್ಷೆ ಮಾಡಿ. ಕತ್ತಲೆ ಕೋಣೆಯಲ್ಲಿ ಕೊಳವೆಯೊಳಗೆ ಒಂದು ಸಣ್ಣ ದೀಪ ಇಳಿಬಿಟ್ಟು ಕೀಗಳನ್ನು ಮೆಲ್ಲಗೆ ಮುಚ್ಚಿ. ಪ್ಯಾಡಿನ ಸುತ್ತ ಬೆಳಕು ಕಂಡರೆ ಅಲ್ಲಿ ಗಾಳಿ ಸೋರುತ್ತದೆ. ಮೇಲಿನ ಒಂದೇ ಒಂದು ಪ್ಯಾಡ್ ಸೋರಿದರೂ ಅದರ ಕೆಳಗಿನ ಸ್ವರಗಳೆಲ್ಲ ತಡವರಿಸುತ್ತವೆ. ಪಾಪ, ಮಗು ಸುಮ್ನೆ ಜೋರಾಗಿ ಊದಿ ಊದಿ ಸುಸ್ತಾಗುತ್ತದೆ.

ರೀಡುಗಳಿಗೆ ನಂಬರ್ ಇರುತ್ತದೆ. ನಂಬರ್ ಹೆಚ್ಚಾದಷ್ಟೂ ರೀಡ್ ಗಟ್ಟಿ. ಅವಳಿಗೆ ಒಂದೂವರೆ ಅಥವಾ ಎರಡು ಸಾಕು. ಮೊದಲ ವಾರ ಪೂರ್ತಿ ವಾದ್ಯ ಕೈಗೆ ಕೊಡುವುದೇ ಬೇಡ, ಬರೀ ಮೌತ್‌ಪೀಸ್ ಕೊಡಿ. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರಲಿ, ಕೆಳತುಟಿ ಕೆಳಗಿನ ಹಲ್ಲಿಗೆ ಮೆತ್ತೆಯ ಹಾಗೆ ಇರಲಿ, ಕಚ್ಚಬಾರದು. ಆಲ್ಟೊದ ಮೌತ್‌ಪೀಸ್ ಒಂದನ್ನೇ ಊದಿದಾಗ ಪಿಯಾನೋದಲ್ಲಿ ಮೊದಲು ಹೇಳಿದ 440ರ 'ಎ'ಗಿಂತ ಒಂದು ಸ್ಥಾಯಿ ಮೇಲಿನ 'ಎ' ಸ್ವರಕ್ಕೆ ಹತ್ತಿರ ಬರಬೇಕು. ಅದಕ್ಕಿಂತ ಬಹಳ ಮೇಲೆ ಹೋದರೆ ಕಚ್ಚುತ್ತಿದ್ದಾಳೆ, ಕೆಳಗಿದ್ದರೆ ತುಟಿ ಸಡಿಲ. ಮೊದಮೊದಲು ಕಿರುಚಿದ ಹಾಗೆ ಶಬ್ದ ಬರುತ್ತದೆ. ಮನೆಯವರು ಒಂದು ವಾರ ತಡೆದುಕೊಳ್ಳಿ. ಆ 'ಎ' ಹತ್ತು ಎಣಿಸುವವರೆಗೆ ಅಲುಗಾಡದೆ ನಿಂತ ದಿನ ಮೈಯನ್ನು ಜೋಡಿಸಿಕೊಡಿ. ನುಡಿಸಿ ಮುಗಿದ ಮೇಲೆ ರೀಡನ್ನು ಬಿಚ್ಚಿ ಒರೆಸಿ ಅದರ ಡಬ್ಬಿಯಲ್ಲಿ ಇಡುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಿ. ಮೌತ್‌ಪೀಸ್‌ನಲ್ಲೇ ಒದ್ದೆಯಾಗಿ ಬಿಟ್ಟರೆ ರೀಡಿನ ತುದಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಬೂಷ್ಟೂ ಹಿಡಿಯುತ್ತದೆ.